ಊರಿನ ನಾಡಿ ಹಿಡಿದ ಗಡ್ಡದ ಮುದುಕ

ಅದು 1914ರ ಅಕ್ಟೋಬರ್. ಮೊದಲ ಮಹಾಯುದ್ಧ ಶುರುವಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಎಮ್ಡನ್ ಅನ್ನೋ ಜರ್ಮನ್ ಯುದ್ಧನೌಕೆ ಹಿಂದೂ ಮಹಾಸಾಗರದಲ್ಲಿ ಕಂಡ ಕಂಡ ಬ್ರಿಟಿಷ್ ಹಡಗನ್ನ ಮುಳುಗಿಸ್ತಾ ತಿರುಗ್ತಿದೆ. ಹಿಂದಿನ ತಿಂಗಳು, ಸೆಪ್ಟೆಂಬರ್ 22ರ ರಾತ್ರಿ, ಮದ್ರಾಸಿನ ತೀರಕ್ಕೇ ಬಂದು ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು ಬೆಂಕಿ ಹಚ್ಚಿ ಹೋಗಿದೆ. ಈಗ ಅದರ ಕೈಗೆ ಸಿಕ್ಕಿದ್ದು ಕ್ಲಾನ್ ಗ್ರಾಂಟ್ ಅನ್ನೋ ಸರಕು ಹಡಗು. ಅದನ್ನೂ ಮುಳುಗಿಸಿತು.

ಆ ಹಡಗಿನಲ್ಲಿ ಒಬ್ಬ ಮನುಷ್ಯನ ಜೀವಮಾನದ ಸಂಗ್ರಹ ಇತ್ತು. ಚಿನ್ನ ಅಲ್ಲ, ಬೆಳ್ಳಿ ಅಲ್ಲ. ಊರುಗಳ ನಕ್ಷೆಗಳು, ಬೀದಿಗಳ ಚಿತ್ರಗಳು, ಹಳೇ ಪಟ್ಟಣಗಳ ಫೋಟೋಗಳು. ಲಂಡನ್‌ನಲ್ಲಿ, ಬೆಲ್ಜಿಯಂನಲ್ಲಿ ಜನ ಮುಗಿಬಿದ್ದು ನೋಡಿದ್ದ ಪ್ರದರ್ಶನ ಅದು. ಎಲ್ಲಾ ಸಮುದ್ರದ ಪಾಲು.

ಅದರ ಒಡೆಯನಿಗೆ ಆಗಷ್ಟೇ 60 ತುಂಬಿತ್ತು. ನಮ್ಮಲ್ಲಾದರೆ ರಿಟೈರ್‌ಮೆಂಟ್ ವಯಸ್ಸು. ಆತ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಬ್ರಿಟನ್ನಿನಲ್ಲಿದ್ದ ಗೆಳೆಯರು ಹೊಸದಾಗಿ ನಕ್ಷೆ, ಚಿತ್ರ ಕೂಡಿಸಿ ಕಳಿಸಿದರು. 1915ರ ಆರಂಭದಲ್ಲೇ ಮದ್ರಾಸಿನಲ್ಲಿ ಪ್ರದರ್ಶನ ನಡೆದೇ ಹೋಯಿತು. ಆತನನ್ನ ಕರೆಸಿಕೊಂಡಿದ್ದವರು ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲ್ಯಾಂಡ್. ಆತನ ಹೆಸರು ಪ್ಯಾಟ್ರಿಕ್ ಗೆಡ್ಡೆಸ್. ಊರು ಸ್ಕಾಟ್ಲೆಂಡಿನ ಎಡಿನ್‌ಬರೋ. ಹೆಸರಲ್ಲೇ ಗೆಡ್ಡೆ ಇರೋ ಈತ ಪಾಠ ಹೇಳ್ತಿದ್ದದ್ದೂ ಸಸ್ಯಶಾಸ್ತ್ರವೇ! ನಾನು ತಮಾಷೆ ಮಾಡ್ತಿಲ್ಲ, ಡಂಡೀ ಅನ್ನೋ ಊರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಈತ ಸಸ್ಯಶಾಸ್ತ್ರದ ಪ್ರೊಫೆಸರ್.

ಹುಬ್ಬಳ್ಳಿಯವನಾದ ನಾನು ನಿಮಗೆ ಈ ಗೆಡ್ಡೆಸ್ ಕತೆ ಯಾಕೆ ಹೇಳ್ತಿದ್ದೀನಿ? ಅದಕ್ಕೆ ಮೊದಲು ನೀವು ನನ್ನ ಜೊತೆ ದುರ್ಗದಬೈಲಿಗೆ ಬರಬೇಕು.

ಸಂಜೆ ಆರೂವರೆಗೆ ಬನ್ನಿ. ಮಿರ್ಚಿ ಭಜಿಯ ಎಣ್ಣೆ ಕಾಯ್ತಿರುತ್ತೆ, ಗಿರ್ಮಿಟ್ ಕಲಸೋ ಸದ್ದು ಕೇಳಿಸ್ತಿರುತ್ತೆ. ಒಂದು ಕಡೆ ಜವಳಿ ಸಾಲು, ಇನ್ನೊಂದು ಕಡೆ ಬ್ರಾಡ್‌ವೇ, ಆ ಕಡೆ ದಾಜಿಬಾನ ಪೇಟೆ, ಕಂಚಗಾರ ಗಲ್ಲಿ. ಹೆಸರು ಕೇಳಿದರೇ ಯಾವ ಓಣಿಯಲ್ಲಿ ಯಾರು ಏನು ಮಾಡ್ತಿದ್ದರು ಅಂತ ಗೊತ್ತಾಗುತ್ತೆ. ಬಸಪ್ಪ ಶೆಟ್ಟರ್ ಅನ್ನೋ ವ್ಯಾಪಾರಿ 1727ರಲ್ಲಿ, ಸವಣೂರು ನವಾಬರ ಕಾಲದಲ್ಲಿ, ಈ ಕೋಟೆ ಬಯಲಿನ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿದರು. ಹೊಸದು ಅಂತ ಕರೆದ ಆ ಊರಿಗೆ ಈಗ 300 ವರ್ಷದ ಹತ್ತಿರ. ಒಬ್ಬ ವ್ಯಾಪಾರಿ ಕಟ್ಟಿದ ಊರು ಇದು, ರಾಜ ಕಟ್ಟಿದ್ದಲ್ಲ. ಹಾಗಾಗಿ ಇಲ್ಲಿ ಅರಮನೆ ಇಲ್ಲ, ಪೇಟೆ ಇದೆ. ಪಾರಂಪರಿಕ ನಗರ ಅಂದ ಕೂಡಲೇ ಮೈಸೂರು ಅನ್ನೋ ನಾವು ಹುಬ್ಬಳ್ಳಿಯನ್ನ ಆ ಲೆಕ್ಕಕ್ಕೇ ಹಿಡಿಯಲ್ಲ. ಗುಮ್ಮಟ ಇದ್ದರೆ ಪರಂಪರೆ, ಅಂಗಡಿ ಇದ್ದರೆ ಗದ್ದಲ. ಇದು ನಮ್ಮ ಲೆಕ್ಕ.

ನಾನು ಇಂಜಿನಿಯರಿಂಗ್ ಓದುವಾಗ ನಮಗೆ ಸರ್ವೇ ಕ್ಯಾಂಪ್ ಅಂತ ಇತ್ತು. ದುರ್ಗದಬೈಲಿನಿಂದ ಕೂಗಳತೆ ದೂರದ ಒಂದು ಓಣಿ ನಮ್ಮ ಟೀಮಿಗೆ ಬಂತು. ಓಣಿ ಅಳೆಯಬೇಕು, ಅಗಲ ಮಾಡೋದಾದರೆ ಎಲ್ಲಿಯವರೆಗೆ ಒಡೆಯಬೇಕು ಅಂತ ಗೆರೆ ಎಳೆಯಬೇಕು. ನಾವು ನಾಲ್ಕು ಜನ, ಬಿಸಿಲಲ್ಲಿ ಟೇಪ್ ಹಿಡಿದು ಹೊರಟೆವು. ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಇತ್ತು, ಅದರ ತಲೆಬರಹ "ಅಡ್ಡಿಗಳು". ಅದರ ಕೆಳಗೆ ನಾನೇ ಕೈಯಾರೆ ಬರೆದದ್ದು: ಕಟ್ಟೆ ಮೂರು, ಬೇವಿನ ಮರ ಒಂದು, ತುಳಸಿ ವೃಂದಾವನ ಒಂದು, ಬಾವಿ ಒಂದು, ಹೊರಚಾಚಿದ ಜಂತಿ ಏಳು. ಒಂದು ಕಟ್ಟೆ ಮೇಲೆ ಕುಳಿತಿದ್ದ ಅಜ್ಜಿ ಕೇಳಿದಳು, "ತಮ್ಮಾ, ರೋಡ್ ಅಗಲ ಮಾಡ್ರಿ ಬೇಕಾದ್ರ. ಆದ್ರ ಈ ಕಟ್ಟಿ ಹೋದ್ರ ನಾ ಎಲ್ಲಿ ಕುಂದರ್ಲಿ?" ನಾವು ನಕ್ಕು ಮುಂದೆ ಹೋದೆವು. ಅಜ್ಜಿ ಎಲ್ಲಿ ಕೂರಬೇಕು ಅನ್ನೋ ಕಾಲಂ ನಮ್ಮ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ನನಗೆ ಆ ಕ್ಯಾಂಪಿನಲ್ಲಿ ಒಳ್ಳೇ ಮಾರ್ಕ್ಸ್ ಬಂತು.

ಎಷ್ಟೋ ವರ್ಷ ಆದ ಮೇಲೆ, ರಸ್ತೆ ಅಗಲೀಕರಣದ ಬಗ್ಗೆ ಒಂದು ಚರ್ಚೆಗೆ ತಯಾರಿ ಮಾಡ್ಕೊಳ್ಳುವಾಗ ಗೆಡ್ಡೆಸ್ ಬಗ್ಗೆ ಓದಿದೆ. ಓದ್ತಾ ಓದ್ತಾ ಮುಖಕ್ಕೆ ನೀರು ಚಿಮುಕಿಸಿದ ಹಾಗಾಯ್ತು. ನಾನು ಅಡ್ಡಿ ಅಂತ ಬರೆದದ್ದೆಲ್ಲವನ್ನ ಈ ಮನುಷ್ಯ ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಗುರುತು ಮಾಡ್ತಿದ್ದ.

ಈತ ಬಂದ ಕಾಲ ಎಂಥದ್ದು ಅಂತ ಸ್ವಲ್ಪ ನೋಡಿ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಅಲ್ಲಿಂದ ರೈಲು ಹತ್ತಿ ಊರೂರಿಗೆ ಹೋಯ್ತು. 1898ರಲ್ಲಿ ಹುಬ್ಬಳ್ಳಿಯನ್ನ ಹಿಡಿಯಿತು, ಕ್ರೂರವಾಗಿ ಹಿಡಿಯಿತು. ಹಾಫ್‌ಕಿನ್ ಅನ್ನೋ ವಿಜ್ಞಾನಿ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನ ದೊಡ್ಡ ಪ್ರಮಾಣದಲ್ಲಿ ಹಾಕಿ ನೋಡಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿ ಮುಖ್ಯವಾದದ್ದು. ಹತ್ತಾರು ಸಾವಿರ ಜನ ಸಾಲುಗಟ್ಟಿ ಚುಚ್ಚಿಸಿಕೊಂಡರು. ಕೋವಿಡ್ ಲಸಿಕೆಗೆ ಕ್ಯೂ ನಿಂತ ನಮಗೆ ನಮ್ಮ ಮುತ್ತಜ್ಜಂದಿರೂ ಹೀಗೇ ನಿಂತಿದ್ದರು ಅನ್ನೋದು ಯಾರೂ ಹೇಳಲೇ ಇಲ್ಲ.

ಪ್ಲೇಗ್ ಒಂದು ಪಾಠ ಕಲಿಸಿತು, ಇಕ್ಕಟ್ಟಿನ ಓಣಿ ಅಂದರೆ ಸಾವು ಅಂತ. 1898ರಲ್ಲೇ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದವು. 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯ್ತು. ಹೊಸ ಬಡಾವಣೆ ಮಾಡಿದ್ದು ಸರಿ, ಅದನ್ನ ನಾನು ಬೈಯಲ್ಲ. ಆದರೆ ಹಳೇ ಊರಿಗೆ ಇಂಜಿನಿಯರ್‌ಗಳು ಕೊಟ್ಟ ಮದ್ದು ಒಂದೇ. ನಕ್ಷೆ ಮೇಲೆ ಸ್ಕೇಲ್ ಇಡು, ನೇರ ಗೆರೆ ಎಳೆ, ಗೆರೆಗೆ ಸಿಕ್ಕಿದ ಮನೆ ಒಡೆ. ಗಾಳಿ ಬರುತ್ತೆ, ಬೆಳಕು ಬರುತ್ತೆ, ಇಲಿ ಹೋಗುತ್ತೆ. ಮನೆ ಹೋದವರು ಎಲ್ಲಿಗೆ ಹೋದರು? ಪಕ್ಕದ ಓಣಿಗೆ. ಅಲ್ಲಿ ಇದ್ದ ಹತ್ತು ಜನದ ಜೊತೆ ಇನ್ನೂ ಹತ್ತು ಜನ. ಇಕ್ಕಟ್ಟು ಕಡಿಮೆ ಮಾಡೋಕೆ ಹೋಗಿ ಇಕ್ಕಟ್ಟನ್ನ ಪಕ್ಕದ ಓಣಿಗೆ ದಬ್ಬಿದ ಹಾಗಾಯ್ತು.

ಗೆಡ್ಡೆಸ್ ಹಿಡಿದದ್ದು ಈ ಎಳೆಯನ್ನೇ. ಯಾಕಂದರೆ ತನ್ನ ಊರಿನಲ್ಲಿ ಇದೇ ಕತೆಯನ್ನ ಆತ ಕಣ್ಣಾರೆ ಕಂಡಿದ್ದ.

ಎಡಿನ್‌ಬರೋದ ಹಳೇ ಊರು ಒಂದು ಗುಡ್ಡದ ಬೆನ್ನ ಮೇಲಿದೆ. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಅರಮನೆ, ನಡುವೆ ಒಂದೇ ಉದ್ದ ಬೀದಿ. ಬೀದಿಯ ಎರಡೂ ಬದಿಗೆ ಬಾಚಣಿಗೆ ಹಲ್ಲಿನ ಹಾಗೆ ಸಂದಿಗಳು, ಸಂದಿಯಲ್ಲಿ ಏಳೆಂಟು ಅಂತಸ್ತಿನ ಕಲ್ಲಿನ ಮನೆಗಳು. 1767ರ ನಂತರ ಕಣಿವೆಯ ಆಚೆ ಹೊಸ ಊರು ಕಟ್ಟಿದರು, ದುಡ್ಡಿದ್ದವರೆಲ್ಲ ಅಲ್ಲಿಗೆ ಹೋದರು. ಹಳೇ ಮನೆಗಳನ್ನ ಕೋಣೆ ಕೋಣೆ ಮಾಡಿ ಬಡವರಿಗೆ ಬಾಡಿಗೆಗೆ ಬಿಟ್ಟರು. 1861ರ ನವೆಂಬರ್‌ನಲ್ಲಿ ಒಂದು ರಾತ್ರಿ ಅಂಥ ಒಂದು ಕಟ್ಟಡ ಕುಸಿದು 35 ಜನ ಸತ್ತರು. ಊರು ಬೆಚ್ಚಿಬಿತ್ತು. 1867ರಲ್ಲಿ ಕಾಯ್ದೆ ಬಂತು, ಸಂದಿಗಳನ್ನ ಒಡೆದು ಅಗಲ ರಸ್ತೆ ಕೊರೆದರು.

ಇಲ್ಲೊಂದು ಮಾತು ಹೇಳಲೇಬೇಕು. ಹಳೇ ಮನೆ ಅಂದರೆ ಬೀಳೋ ಮನೆ ಅನ್ನೋದು ನಮ್ಮ ಅಧಿಕಾರಿಗಳ ಬಾಯಿಪಾಠ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು 19 ಜನರನ್ನ ಬಲಿ ತಗೊಂಡ ಕಟ್ಟಡ ಹಳೇದಾಗಿತ್ತಾ? ಇನ್ನೂ ಕಟ್ತಾ ಇದ್ದದ್ದು! ಕಟ್ಟಡ ಬೀಳೋದು ವಯಸ್ಸಿನಿಂದಲ್ಲ, ನಿರ್ಲಕ್ಷ್ಯದಿಂದ. ಇಂಜಿನಿಯರಿಂಗ್ ಓದಿದವನಾಗಿ ಇಷ್ಟಾದರೂ ನಾನು ಧೈರ್ಯವಾಗಿ ಹೇಳಬಲ್ಲೆ.

ಸರಿ, ಎಡಿನ್‌ಬರೋಗೆ ವಾಪಸ್ ಬರೋಣ. 1886ರಲ್ಲಿ ಗೆಡ್ಡೆಸ್‌ಗೆ ಮದುವೆಯಾಯ್ತು. ಹೆಂಡತಿ ಅನ್ನಾ ಮಾರ್ಟನ್, ಸ್ಥಿತಿವಂತ ವ್ಯಾಪಾರಿಯ ಮಗಳು. ಹೊಸ ದಂಪತಿ ಒಳ್ಳೇ ಏರಿಯಾದಲ್ಲಿ ಮನೆ ಮಾಡೋದು ಬಿಟ್ಟು ಹಳೇ ಊರಿನ ಜೇಮ್ಸ್ ಕೋರ್ಟ್ ಅನ್ನೋ ಕೊಳಕು ವಠಾರಕ್ಕೆ ಬಂದು ಇಳಿದರು. ಹಿಂದೊಮ್ಮೆ ತತ್ವಜ್ಞಾನಿ ಡೇವಿಡ್ ಹ್ಯೂಮ್ ವಾಸ ಮಾಡಿದ್ದ ವಠಾರ, ಈಗ ಗೋಡೆ ಕಪ್ಪು, ಮೆಟ್ಟಿಲಲ್ಲಿ ಕಸ. ಪ್ರೊಫೆಸರ್ ಸಾಹೇಬ ಮತ್ತು ಹೆಂಡತಿ ಪೊರಕೆ ಹಿಡಿದರು, ಸುಣ್ಣದ ಬ್ರಷ್ ಹಿಡಿದರು, ಕಿಟಕಿಗೆ ಹೂವಿನ ಕುಂಡ ಇಟ್ಟರು. ನೆರೆಯವರು ಮೊದಲು ನಕ್ಕಿರಬೇಕು, ಆಮೇಲೆ ಕೈಜೋಡಿಸಿದರು. ಆ ದಿನಗಳಲ್ಲೇ ಆತನ ಸೂತ್ರ ರೂಪುಗೊಂಡಿತು. ಒಳಗೆ ಜೀವ ಇದ್ದರೆ ಒಡೀಬೇಡ, ರಿಪೇರಿ ಮಾಡು. ತೀರಾ ಕೆಟ್ಟು ಹೋದ ಒಂದೆರಡನ್ನ ಮಾತ್ರ ತೆಗೆ, ಆ ಜಾಗದಲ್ಲಿ ಗಾಳಿ ಬೆಳಕು ಬರಲಿ, ಒಂದು ಗಿಡ ಬರಲಿ.

ಆಮೇಲೆ ಒಂದೊಂದೇ ವಠಾರ ಕೊಂಡು ಸರಿ ಮಾಡ್ತಾ ಹೋದ. 1887ರಲ್ಲಿ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಮಾಡಿದ. ವಾರ್ಡನ್ ಇಲ್ಲ, ಹುಡುಗರೇ ನಡೆಸಬೇಕು. 1892ರಲ್ಲಿ ಕೋಟೆ ಹತ್ತಿರದ ಒಂದು ಗೋಪುರ ಹಿಡಿದು ಅದನ್ನ ಔಟ್‌ಲುಕ್ ಟವರ್ ಮಾಡಿದ. ಮೇಲೆ ಹತ್ತಿದರೆ ಮಸೂರ, ಕನ್ನಡಿಗಳ ಸಾಧನದಿಂದ ಇಡೀ ಊರು ಮೇಜಿನ ಮೇಲೆ ಕಾಣೋದು. ಒಂದೊಂದು ಮಹಡಿ ಇಳಿದ ಹಾಗೆ ತನ್ನ ಊರು, ತನ್ನ ನಾಡು, ಯುರೋಪ್, ಕೊನೆಗೆ ನೆಲಮಹಡಿಯಲ್ಲಿ ಜಗತ್ತು. ಜಗತ್ತನ್ನ ತಿಳ್ಕೋಬೇಕಾದರೆ ಮೊದಲು ನಿನ್ನ ಓಣಿ ನೋಡು ಅನ್ನೋದು ಆ ಗೋಪುರದ ಲೆಕ್ಕ. ದುಡ್ಡಿನ ಲೆಕ್ಕ ಮಾತ್ರ ಈತನಿಗೆ ಬರ್ತಾ ಇರಲಿಲ್ಲ. ಸಾಲ ಮೇಲೇರಿ, 1896ರಲ್ಲಿ ಹಿತೈಷಿಗಳೆಲ್ಲ ಸೇರಿ ಒಂದು ಕಂಪನಿ ಮಾಡಿ ಆಸ್ತಿ ವಹಿಸಿಕೊಳ್ಳಬೇಕಾಯ್ತು.

ಮಗಳು ನೋರಾ ಅಪ್ಪನಿಗಿಂತ ವ್ಯವಹಾರಸ್ಥೆ. ಹಳೇ ಊರಿನಲ್ಲಿ ಕಸ ಸುರಿಯುತ್ತಿದ್ದ, ಯಾರಿಗೂ ಬೇಡವಾದ ಖಾಲಿ ಜಾಗ ಎಷ್ಟಿದೆ ಅಂತ ಇವರ ತಂಡ ಎಣಿಸಿತು. 75 ತುಂಡು, ಒಟ್ಟು ಹತ್ತು ಎಕರೆ. ಇಕ್ಕಟ್ಟು ಅಂತ ಎಲ್ಲರೂ ಬೈಯುತ್ತಿದ್ದ ಊರಿನ ಹೊಟ್ಟೆಯಲ್ಲಿ ಹತ್ತು ಎಕರೆ ಖಾಲಿ! ಅವುಗಳಲ್ಲಿ ಕೆಲವನ್ನ ತೋಟ ಮಾಡಿದರು. 1995ರಲ್ಲಿ ಯುನೆಸ್ಕೋ ಎಡಿನ್‌ಬರೋದ ಹಳೇ ಊರು, ಹೊಸ ಊರು ಎರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈತನಿಗೆ ಇಂಥ ಬುದ್ಧಿ ಬಂದದ್ದು ಎಲ್ಲಿಂದ? ನನ್ನ ಪ್ರಕಾರ ಈತ ಇಂಜಿನಿಯರ್ ಆಗಿರಲಿಲ್ಲ, ಅದೇ ಕಾರಣ. ಜೀವಶಾಸ್ತ್ರಿ. ಡಾರ್ವಿನ್ ಪರ ವಾದ ಮಾಡ್ತಿದ್ದ ಹಕ್ಸ್ಲಿಯ ಶಿಷ್ಯ. ಡಿಗ್ರಿ ಇರಲೇ ಇಲ್ಲ, ಪರೀಕ್ಷೆ ಅಂದರೆ ಅಸಹ್ಯ. 1879ರಲ್ಲಿ ಮೆಕ್ಸಿಕೋಗೆ ಹೋದಾಗ ಕಣ್ಣು ಕೈಕೊಟ್ಟು ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಇರಬೇಕಾಯ್ತು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡೋ ಕೆಲಸ ಕಷ್ಟವಾಗಿ ಊರುಗಳ ಕಡೆ ತಿರುಗಿದ. ಊರನ್ನೂ ಜೀವಿ ಅಂತಲೇ ನೋಡಿದ. ಡಾಕ್ಟರ್ ಕೈಗೆ ಕತ್ತರಿ ಸಿಕ್ಕಿತು ಅಂತ ಕೊಯ್ಯಲ್ಲ. ಮೊದಲು ನಾಡಿ ಹಿಡೀತಾನೆ, ಎಲ್ಲಿ ನೋವು ಅಂತ ಕೇಳ್ತಾನೆ. ಊರಿಗೂ ಹಾಗೇ. ಮೊದಲು ರೋಗ ಏನು ಅಂತ ಪತ್ತೆ, ಆಮೇಲೆ ಮದ್ದು. ಜಾಗ, ದುಡಿಮೆ, ಜನ, ಈ ಮೂರನ್ನ ಒಟ್ಟಿಗೆ ನೋಡದೇ ಯಾವ ಊರೂ ಅರ್ಥ ಆಗಲ್ಲ ಅಂತಿದ್ದ.

ಇಂಥ ಮನುಷ್ಯ 1915ರಲ್ಲಿ ಮದ್ರಾಸ್ ಪ್ರಾಂತದ ಊರೂರು ಸುತ್ತಿದ. ತಂಜಾವೂರು, ಮಧುರೆ, ಕೊಯಮತ್ತೂರು... ಆ ಪಟ್ಟಿಯಲ್ಲಿ ನಮ್ಮದೊಂದು ಊರಿದೆ ನೋಡಿ, ಬಳ್ಳಾರಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ಸಿಗೋ ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ. ಜಗತ್ತಿನ ನಗರ ಯೋಜನೆಯ ಪಾಠಪುಸ್ತಕಗಳಲ್ಲಿ ಇರೋ ಗೆಡ್ಡೆಸ್ ವರದಿ ಬರೆದ ಕನ್ನಡದ ಊರು ಅದು. ನಾಲ್ಕು ವರ್ಷದ ನನ್ನ ಇಂಜಿನಿಯರಿಂಗ್‌ನಲ್ಲಿ ಈ ಮಾತು ಒಂದು ಸಲವೂ ಬರಲಿಲ್ಲ.

ತಂಜಾವೂರಿನ ಕೋಟೆಯೊಳಗೆ ನಡೆದದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಲ್ಲಿ ಮುನಿಸಿಪಾಲಿಟಿಯವರ ಪ್ಲಾನ್ ಸಿದ್ಧವಾಗಿತ್ತು. ಚದುರಂಗದ ಮಣೆ ಹಾಗೆ ನೇರ ರಸ್ತೆಗಳು, ಮನೆಗಳ ಹಿಂದೆ ಮಲ ಸಾಗಿಸೋಕೆ ಗಲ್ಲಿಗಳು. ಇದಕ್ಕಾಗಿ ಸಾಲು ಸಾಲು ಮನೆ ಒಡೀಬೇಕು. ಗೆಡ್ಡೆಸ್ ಅದೇ ಓಣಿಗಳಲ್ಲಿ ನಡೆದ. ಪ್ರತಿ ಮನೆ, ಪ್ರತಿ ಖಾಲಿ ನಿವೇಶನ, ಪ್ರತಿ ಮರ, ಪ್ರತಿ ಗುಡಿ ಗುರುತು ಹಾಕಿದ. ಆಮೇಲೆ ತೋರಿಸಿದ, ನೋಡಿ, ಇಲ್ಲಿ ಈಗಾಗಲೇ ಬಿದ್ದು ಹೋಗಿರೋ ಮನೆ ಇದೆ, ಅದನ್ನ ತೆಗೆದರೆ ಸಾಕು, ಓಣಿಗೆ ಗಾಳಿ ಬರುತ್ತೆ. ಇಲ್ಲಿ ಮೂಲೆ ಸ್ವಲ್ಪ ಕತ್ತರಿಸಿದರೆ ಗಾಡಿ ತಿರುಗುತ್ತೆ. ಇಲ್ಲಿ ಮರದ ಸುತ್ತ ನಾಲ್ಕು ಹೆಜ್ಜೆ ಜಾಗ ಬಿಟ್ಟರೆ ಮಕ್ಕಳಿಗೆ ಆಟದ ಬಯಲು. ಮುನಿಸಿಪಾಲಿಟಿ ಹೇಳಿದ ಖರ್ಚಿನಲ್ಲಿ ಒಂದು ಸಣ್ಣ ಪಾಲು ಸಾಕು. ಮನೆ ಕಳ್ಕೊಳ್ಳೋರು ಬೆರಳೆಣಿಕೆ.

ಇದರಲ್ಲಿ ಜಾದೂ ಏನೂ ಇಲ್ಲ. ಬಿಸಿಲಲ್ಲಿ ಗಂಟೆಗಟ್ಟಲೆ ಓಣಿ ಸುತ್ತಬೇಕು, ಅಷ್ಟೇ. ಆಫೀಸಿನ ಫ್ಯಾನ್ ಕೆಳಗೆ ಕೂತು ಗೆರೆ ಎಳೆಯೋದಕ್ಕಿಂತ ಇದು ಕಷ್ಟದ ಕೆಲಸ. ನೇರ ಗೆರೆ ಅನ್ನೋದು ಎಷ್ಟೋ ಸಲ ಸೋಮಾರಿತನದ ಇನ್ನೊಂದು ಹೆಸರು. ನನ್ನ ಕ್ಲಾಸ್‌ಮೇಟ್‌ಗಳು ಸಿಟ್ಟಾಗಬೇಡಿ.

ಈತನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಂದೋರ್ ಕತೆ. 1917ರ ಹೊತ್ತಿಗೆ ಹೋಳ್ಕರ್ ಮಹಾರಾಜರು ಈತನನ್ನ ಕರೆಸಿದರು. ಇಂದೋರಿನಲ್ಲೂ ಪ್ಲೇಗ್. ಗಡ್ಡದ ದೊರೆ ನಕ್ಷೆ ಹಿಡಿದು ಓಣಿಗೆ ಬಂದರೆ ಜನ ಬಾಗಿಲು ಹಾಕ್ಕೊಳ್ತಿದ್ದರು. ದೊರೆ ಬಂದ ಅಂದರೆ ಮನೆ ಹೋಯ್ತು ಅಂತಲೇ ಅರ್ಥ! ಆಗ ಗೆಡ್ಡೆಸ್ ಮಹಾರಾಜರಿಗೆ ಒಂದು ವಿಚಿತ್ರ ಬೇಡಿಕೆ ಇಟ್ಟ. ನನ್ನನ್ನ ಒಂದು ದಿನದ ಮಟ್ಟಿಗೆ ಮಹಾರಾಜ ಮಾಡಿ. ಅವರು ಒಪ್ಪಿದರು. ಆತ ಸಾರಿಸಿದ, ಈ ಸಲದ ದೀಪಾವಳಿ ಮೆರವಣಿಗೆ ಯಾವಾಗಲೂ ಹೋಗೋ ದಾರಿಯಲ್ಲಿ ಹೋಗಲ್ಲ. ಯಾವ ಬೀದಿಯ ಜನ ತಮ್ಮ ಮನೆ ಹೆಚ್ಚು ಶುಚಿ ಮಾಡಿ, ರಿಪೇರಿ ಮಾಡಿ ಇಟ್ಟಿರ್ತಾರೋ ಆ ಬೀದಿಯಲ್ಲೇ ಹೋಗುತ್ತೆ.

ಊರಿಗೆ ಊರೇ ಸುಣ್ಣ ಬಳೀತು. ಕಸ ಗಾಡಿಗಟ್ಟಲೆ ಹೊರಗೆ ಹೋಯ್ತು. ಹಬ್ಬದ ದಿನ ಮೆರವಣಿಗೆ ಬಂತು. ಆನೆಗಳು, ಸುಗ್ಗಿಯ ಬಂಡಿಗಳು, ಕೊಳೆಯ ರಾಕ್ಷಸ, ಪ್ಲೇಗಿನ ದೊಡ್ಡ ಇಲಿ. ಅವುಗಳ ಜೊತೆ ಬಿಳೀ ಬಟ್ಟೆ ಉಟ್ಟು, ಹೂವು ಹಾಕ್ಕೊಂಡು, ಮೆರವಣಿಗೆಯ ಗೌರವದ ಜಾಗದಲ್ಲಿ ನಡೆದು ಬಂದವರು ಊರಿನ ಪೌರಕಾರ್ಮಿಕರು. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಸುಟ್ಟರು. ಇದು ನೂರು ವರ್ಷಕ್ಕೂ ಹಿಂದೆ. ಇವತ್ತು ದೇಶದ ಅತಿ ಶುಚಿ ನಗರ ಅಂತ ವರ್ಷ ವರ್ಷ ಪ್ರಶಸ್ತಿ ಹೊಡೀತಾ ಇರೋದು ಅದೇ ಇಂದೋರ್. ಅದಕ್ಕೂ ಇದಕ್ಕೂ ನೇರ ಸಂಬಂಧ ಕಟ್ಟೋದು ಟಿವಿಯವರ ಚಟ, ನಾನು ಕಟ್ಟಲ್ಲ. ಆದರೆ ಜನರನ್ನ ಹೆದರಿಸದೇ ಊರು ಶುಚಿ ಮಾಡಬಹುದು ಅಂತ ಅಲ್ಲಿ ಒಬ್ಬ ತೋರಿಸಿದ್ದ.

ಕೆರೆಗಳ ಬಗ್ಗೆ ಈತ ಹೇಳಿದ್ದು ಹುಬ್ಬಳ್ಳಿ-ಧಾರವಾಡದವರು ಕಿವಿಗೊಟ್ಟು ಕೇಳಬೇಕು. ಆಗಿನ ಆರೋಗ್ಯ ಅಧಿಕಾರಿಗಳಿಗೆ ಕೆರೆ ಅಂದರೆ ಸೊಳ್ಳೆ, ಸೊಳ್ಳೆ ಅಂದರೆ ಮಲೇರಿಯಾ, ಹಾಗಾಗಿ ಮುಚ್ಚಿ. ಗೆಡ್ಡೆಸ್ ಹೇಳಿದ, ಮುಚ್ಚಬೇಡಿ, ಮೀನು ಬಿಡಿ, ಬಾತುಕೋಳಿ ಬಿಡಿ, ಅವು ಸೊಳ್ಳೆ ಮರಿ ತಿಂತಾವೆ. ಕೆರೆ ಊರನ್ನ ತಂಪಾಗಿ ಇಡುತ್ತೆ. ನಮ್ಮಲ್ಲಿ ಉಣಕಲ್ ಕೆರೆ ಉಳಿದಿದೆ, ಕೆಲಗೇರಿ ಉಳಿದಿದೆ, ಬೇಂದ್ರೆಯವರ ಸಾಧನಕೇರಿ ಉಳಿದಿದೆ. ಅಕ್ಕಿಹೊಂಡದಲ್ಲಿ ಈಗ ಹೊಂಡ ಹುಡುಕಿ ನೋಡಿ.

ಹಾಗಂತ ಈತನನ್ನ ದೇವರು ಮಾಡೋದು ಬೇಡ. ಈತ ಬಂದದ್ದು ಬ್ರಿಟಿಷ್ ಸಾಮ್ರಾಜ್ಯದ ಗವರ್ನರ್ ಕರೆದರು ಅಂತ. ಈತನ ಬರಹ ಓದೋದು ಕಬ್ಬಿಣದ ಕಡಲೆ, ಒಂದು ವಾಕ್ಯದಲ್ಲಿ ಮೂರು ವಿಷಯ. ಎಡಿನ್‌ಬರೋದಲ್ಲಿ ಕೋಟೆ ಪಕ್ಕ ಈತ ಕಟ್ಟಿಸಿದ ರ‍್ಯಾಮ್ಸೆ ಗಾರ್ಡನ್ ಮನೆಗಳು ಸೇರಿದ್ದು ಪ್ರೊಫೆಸರ್‌ಗಳಿಗೆ, ಬಡವರಿಗಲ್ಲ. ಹಳೇ ಊರು ಚೆಂದ ಆದ ಮೇಲೆ ಬಾಡಿಗೆ ಏರುತ್ತೆ, ಹಳೇ ಜನ ಹೊರಗೆ ಹೋಗ್ತಾರೆ. ಈ ಸಮಸ್ಯೆಗೆ ಈತನ ಹತ್ತಿರವೂ ಪೂರ್ತಿ ಉತ್ತರ ಇರಲಿಲ್ಲ. ಇನ್ನು ಭಾರತದಲ್ಲಿ ಸುಮಾರು ಐವತ್ತು ಊರುಗಳಿಗೆ ವರದಿ ಬರೆದ. ಬಹುಪಾಲು ಕಪಾಟು ಸೇರಿದವು. ವರದಿ ಕಪಾಟಿಗೆ ಹೋಗೋದು ನಮಗೇನೂ ಹೊಸದಲ್ಲ ಬಿಡಿ.

ಆ ವರದಿಗಳ ನಡುವೆ ಈತನ ಮನೆಯಲ್ಲಿ ಏನಾಯ್ತು ಅಂತ ಕೇಳಿ. 1917ರ ವಸಂತದಲ್ಲಿ ಹಿರಿಮಗ ಅಲಸ್ಡೇರ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಪ್ರದರ್ಶನದ ಕೆಲಸಕ್ಕೆ ಅಪ್ಪನ ಜೊತೆ ಭಾರತಕ್ಕೆ ಬಂದಿದ್ದ ಮಗ. ಸುದ್ದಿ ತಲುಪಿದಾಗ ಅನ್ನಾ ಇಲ್ಲೇ ಭಾರತದಲ್ಲಿ ಜ್ವರದಿಂದ ಮಲಗಿದ್ದಳು. ಗೆಡ್ಡೆಸ್ ಸುದ್ದಿ ಮುಚ್ಚಿಟ್ಟ. ಮಗನ ಹಳೇ ಕಾಗದಗಳನ್ನ, ಈಗ ಬಂದವು ಅನ್ನೋ ಹಾಗೆ, ಹೆಂಡತಿಗೆ ಓದಿ ಹೇಳ್ತಾ ಕೂತ. ಜೂನ್‌ನಲ್ಲಿ ಆಕೆಯೂ ಹೋದಳು, ಮಗ ಇಲ್ಲ ಅಂತ ತಿಳಿಯದೇ. ಜೇಮ್ಸ್ ಕೋರ್ಟ್ ವಠಾರದಲ್ಲಿ ಪೊರಕೆ ಹಿಡಿದಿದ್ದ ಅನ್ನಾ. ಮಾರನೇ ವರ್ಷ ಇಂದೋರ್ ವರದಿ ಎರಡು ಸಂಪುಟಗಳಲ್ಲಿ ಹೊರಬಂತು.

1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸಮಾಜಶಾಸ್ತ್ರಕ್ಕೆ ಈತನನ್ನ ಪ್ರೊಫೆಸರ್ ಮಾಡಿತು. ಧಾರವಾಡದ ಕರ್ನಾಟಕ ಕಾಲೇಜೂ ಆಗ ಅದೇ ವಿಶ್ವವಿದ್ಯಾಲಯದ ಕೆಳಗಿತ್ತು. ಅಲ್ಲಿ ಈತ ಬೆನ್ನು ತಟ್ಟಿ ವಿದೇಶಕ್ಕೆ ಕಳಿಸಿದ ತರುಣ ಜಿ.ಎಸ್. ಘುರ್ಯೆ. ಘುರ್ಯೆ ಅವರ ಶಿಷ್ಯರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಹಳ್ಳಿಯಲ್ಲಿ ಹೋಗಿ ಇದ್ದು, ಜನರ ಜೊತೆ ಕೂತು ಊರನ್ನ ಅರ್ಥ ಮಾಡ್ಕೊಂಡವರು. 1925ರಲ್ಲಿ ಗೆಡ್ಡೆಸ್ ಟೆಲ್ ಅವಿವ್ ನಗರಕ್ಕೆ ಪ್ಲಾನ್ ಹಾಕಿದ. 1932ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಈತನ ಭಾರತದ ವರದಿಗಳಿಂದ ಆಯ್ದ ಭಾಗಗಳು ಪುಸ್ತಕವಾಗಿ ಬಂದದ್ದು 1947ರಲ್ಲಿ. ಬ್ರಿಟಿಷರು ಹೊರಟ ವರ್ಷ. ಓದೋಕೆ ಯಾರಿಗೆ ಪುರುಸೊತ್ತಿತ್ತು?

ನಾವು ಮುಂದುವರಿಸಿದ್ದು ಸ್ಕೇಲನ್ನ. ಗೆಡ್ಡೆಸ್ ಮದ್ರಾಸಿನ ಊರುಗಳನ್ನ ಸುತ್ತುತ್ತಿದ್ದ 1915ರಲ್ಲೇ ಮುಂಬಯಿ ಪ್ರಾಂತಕ್ಕೆ ದೇಶದ ಮೊದಲ ನಗರ ಯೋಜನಾ ಕಾಯ್ದೆ ಬಂತು. ಹುಬ್ಬಳ್ಳಿ, ಧಾರವಾಡ ಆಗ ಆ ಪ್ರಾಂತಕ್ಕೇ ಸೇರಿದ್ದವು. 1961ರಲ್ಲಿ ನಮ್ಮ ರಾಜ್ಯದ ಕಾಯ್ದೆ ಬಂತು, 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆಯಾಯ್ತು, 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಎರಡೂ ಊರಿನ ನಡುವೆ ಬಿಆರ್‌ಟಿಎಸ್ ರಸ್ತೆ ಅಗಲವಾಯ್ತು. ಅಲ್ಲಿ ಅಗಲ ಬೇಕಿತ್ತು, ಅದು ಹೆದ್ದಾರಿ. ಆದರೆ ಅದೇ ಸ್ಕೇಲ್ ತಂದು ಜವಳಿ ಸಾಲಿನ ಮೇಲೆ ಇಟ್ಟರೆ ಏನಾಗುತ್ತೆ? ಅಂಗಡಿ ಎಂಟಡಿ ಆಳ ಇರೋ ಕಡೆ ಆರಡಿ ಹೋದರೆ ಉಳಿಯೋದು ಶಟರ್. ಪರಿಹಾರದ ಕಾಗದ ಕೈಗೆ ಬರೋ ಹೊತ್ತಿಗೆ ಗಿರಾಕಿ ಮಾಲ್‌ಗೆ ಹೋಗಿರ್ತಾನೆ. ಅಗಲವಾದ ಜಾಗದಲ್ಲಿ ಮಾರನೇ ದಿನವೇ ಕಾರು ನಿಂತಿರ್ತಾವೆ. ನಾನು ವರದಿ ಮಾಡಿದ ಎಷ್ಟೋ ಅಗಲೀಕರಣಗಳ ಗತಿ ಇದೇ.

ಬೇರೆ ದಾರಿ ಇಲ್ವಾ? ಅಹಮದಾಬಾದಿನವರು ತಮ್ಮ ಹಳೇ ಪೋಳ್‌ಗಳನ್ನ, ಅಂದರೆ ಓಣಿಗಳನ್ನ, ಉಳಿಸ್ಕೊಂಡರು. 1997ರಲ್ಲಿ ಅಲ್ಲಿನ ಪಾಲಿಕೆ ಹಳೇ ಊರಿನಲ್ಲಿ ಪಾರಂಪರಿಕ ನಡಿಗೆ ಶುರು ಮಾಡಿತು, 20 ವರ್ಷದ ನಂತರ, 2017ರಲ್ಲಿ, ಯುನೆಸ್ಕೋ ಪಟ್ಟಿಗೆ ಸೇರಿದ ದೇಶದ ಮೊದಲ ನಗರ ಅದಾಯ್ತು. ಅದೂ ವ್ಯಾಪಾರಿಗಳ ಊರೇ, ನಮ್ಮ ಹಾಗೆ. ದುರ್ಗದಬೈಲಿನಲ್ಲಿ ಗೆಡ್ಡೆಸ್ ಇದ್ದಿದ್ದರೆ ಏನು ಮಾಡ್ತಿದ್ದ ಅಂತ ನಾನು ಯೋಚನೆ ಮಾಡ್ತೀನಿ. ಬೆಳಗ್ಗೆ ಸರಕಿನ ಗಾಡಿ ಎಷ್ಟು ಹೊತ್ತಿಗೆ ಬರ್ತಾವೆ ಅಂತ ಎಣಿಸ್ತಿದ್ದ. ಬೀಗ ಹಾಕಿ ಬಿದ್ದಿರೋ ಮನೆ ಎಷ್ಟು, ವ್ಯಾಜ್ಯದಲ್ಲಿರೋ ಖಾಲಿ ಜಾಗ ಎಷ್ಟು ಅಂತ ಪಟ್ಟಿ ಮಾಡ್ತಿದ್ದ. ಯಾವ ಮೂಲೆಯಲ್ಲಿ ನಾಲ್ಕಡಿ ತೆಗೆದರೆ ಅಗ್ನಿಶಾಮಕದ ಗಾಡಿ ತಿರುಗುತ್ತೆ ಅಂತ ನೋಡ್ತಿದ್ದ. ಸಂಜೆ, ಗ್ಯಾರಂಟಿ, ಮಿರ್ಚಿ ತಿಂತಿದ್ದ.

ಈ ಲೇಖನ ಬರೆಯೋ ಮೊದಲು ನಾನು ಆ ಹಳೇ ಓಣಿಗೆ ಹೋಗಿದ್ದೆ. ಕ್ಯಾಮೆರಾ ಇಲ್ಲದೇ, ಒಂದು ಟೇಪ್, ಒಂದು ನೋಟ್‌ಬುಕ್. ನಮ್ಮ ಗೆರೆ ಪೇಪರಿನಲ್ಲೇ ಉಳಿದಿತ್ತು, ಓಣಿ ಹಾಗೇ ಇತ್ತು. ಮೂರು ಕಟ್ಟೆಯಲ್ಲಿ ಎರಡು ಉಳಿದಿದ್ದವು. ಬೇವಿನ ಮರ ದಪ್ಪ ಆಗಿತ್ತು. ಬಾವಿಗೆ ಕಬ್ಬಿಣದ ಜಾಲರಿ ಬಿದ್ದಿತ್ತು. ಆ ಅಜ್ಜಿ ಇಲ್ಲ. ಅದೇ ಕಟ್ಟೆ ಮೇಲೆ ಆಕೆಯ ಸೊಸೆ, ಈಗ ಆಕೆಯೂ ಅಜ್ಜಿ, ಮೆಂತ್ಯ ಸೊಪ್ಪು ಬಿಡಿಸ್ತಾ ಕೂತಿದ್ದಳು. ನಾನು ಒಂದೊಂದನ್ನೇ ಅಳೆದು ಬರೆಯೋದನ್ನ ನೋಡ್ತಾ ಇದ್ದಳು.

"ಏನ್ ಬರಕೊಂಡಿ ತಮ್ಮಾ, ಓದು ನೋಡೂಣು."

ಓದಿದೆ. ಕಟ್ಟೆ ಎರಡು, ಬೇವಿನ ಮರ ಒಂದು, ವೃಂದಾವನ ಒಂದು, ಬಾವಿ ಒಂದು. ಈ ಸಲ ಕಾಲಂಗೆ ತಲೆಬರಹ ಹಾಕಿರಲಿಲ್ಲ.

ಆಕೆ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಹಿಂದಿನ ಸಂದಿಯ ಕಡೆ ಕೈ ತೋರಿಸಿದಳು. "ಅಲ್ಲಿ ಹಿಂದಕ ನಳ ಐತಿ. ಹತ್ತ ಮನಿಯಾವ್ರು ಅದರಾಗ ನೀರ ಹಿಡಿತೀವಿ. ಅದನ್ನ ಬಿಟ್ಟೀ ನೋಡು."